ಫಾರಿನ್ ಟಿನ್ ಕೇಳಿದರೆ ಪ್ಯಾನ್ ಬರೆಯಿರಿ, ಐಟಿನ್‌ಗೆ ದುಡ್ಡು ಸುರಿಯಬೇಡಿ

ಪ್ರಶ್ನೆ: ನನಗೆ 22 ವರ್ಷ. ಕನ್ನಡದಲ್ಲಿ ತೋಟಗಾರಿಕೆ ವಿಡಿಯೊ ಮಾಡುತ್ತೇನೆ. ಯೂಟ್ಯೂಬ್‌ನಲ್ಲಿ ಈಗಷ್ಟೇ ಮಾನಿಟೈಸೇಶನ್ ಸಿಕ್ಕಿದೆ. ಯೂಟ್ಯೂಬ್ ದುಡ್ಡು ಬರುವ ಗೂಗಲ್‌ನ ಆಡ್‌ಸೆನ್ಸ್ ಖಾತೆಯಲ್ಲಿ ಅಮೆರಿಕದ ತೆರಿಗೆ ಫಾರ್ಮ್ ತುಂಬಲು ಹೇಳುತ್ತಿದೆ. ಅದರಲ್ಲಿ ‘ಫಾರಿನ್ ಟಿನ್’ ಅಂತ ಒಂದು ಕಾಲಂ ಇದೆ. ಪರಿಚಯದವರೊಬ್ಬರು ಇದಕ್ಕೆ ಅಮೆರಿಕದ ಐಟಿನ್ ನಂಬರ್ ಬೇಕು, 9,000 ರೂಪಾಯಿ ಕೊಟ್ಟರೆ ಮಾಡಿಸಿಕೊಡುತ್ತೇನೆ ಅಂದಿದ್ದಾರೆ. ಕೊಡಲಾ? ಇನ್ನೊಂದು ವಿಷಯ, ಖಾತೆ ತೆರೆದಾಗ ನನಗೆ 17 ವರ್ಷ, ಹಾಗಾಗಿ ಆಡ್‌ಸೆನ್ಸ್ ಅಪ್ಪನ ಹೆಸರಿನಲ್ಲಿದೆ. ದುಬೈನಲ್ಲಿರುವ ನನ್ನ ಅಣ್ಣನೂ ಒಂದು ಚಾನೆಲ್ ನಡೆಸುತ್ತಾನೆ. ಅವನು ಏನು ಬರೆಯಬೇಕು?

ಉತ್ತರ: ಕೊಡಬೇಡಿ. ಆ ಕಾಲಂನಲ್ಲಿ ಬರೆಯಬೇಕಾದ ನಂಬರ್ ನಿಮ್ಮ ಹತ್ತಿರ ಆಗಲೇ ಇದೆ. ಅದು ನಿಮ್ಮ ಪ್ಯಾನ್. ಟಿನ್ ಅಂದರೆ ತೆರಿಗೆ ಗುರುತಿನ ನಂಬರ್. ಫಾರ್ಮ್ ಅಮೆರಿಕದ್ದು, ಅದರ ಲೆಕ್ಕದಲ್ಲಿ ಭಾರತವೇ ಫಾರಿನ್. ನಿಮ್ಮ ದೇಶದ ತೆರಿಗೆ ಇಲಾಖೆ ನಿಮ್ಮನ್ನು ಯಾವ ನಂಬರ್‌ನಿಂದ ಗುರುತಿಸುತ್ತದೆ ಅಂತ ಅದು ಕೇಳುತ್ತಿದೆ, ಅಷ್ಟೇ. ಭಾರತದಲ್ಲಿ ಆ ನಂಬರ್ ಪ್ಯಾನ್ ಮಾತ್ರ. ಆಧಾರ್ ಅಲ್ಲ, ಜಿಎಸ್‌ಟಿ ನಂಬರ್ ಅಲ್ಲ, ಟ್ಯಾನ್ ಕೂಡ ಅಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಜನ ಸಾವಿರಾರು ರೂಪಾಯಿ ಕಳೆದುಕೊಳ್ಳುವುದನ್ನು ನೋಡಿ ನನಗೆ ಬೇಜಾರಾಗುತ್ತದೆ. ಅದರಲ್ಲೂ ಮೊದಲ ನೂರು ಡಾಲರ್ ಬರುವುದಕ್ಕೂ ಮುಂಚೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲಿಗೆ, ಈ ಫಾರ್ಮ್ ಯಾಕೆ ಬಂತು? ಅಮೆರಿಕದ ವೀಕ್ಷಕರಿಂದ ನಿಮಗೆ ಬರುವ ಆದಾಯವನ್ನು ಅಲ್ಲಿನ ಕಾನೂನು ರಾಯಲ್ಟಿ ಅಂತ ನೋಡುತ್ತದೆ. ರಾಯಲ್ಟಿ ಅಮೆರಿಕದ ಹೊರಗಿನವರಿಗೆ ಹೋಗುವಾಗ ಅಲ್ಲೇ ತೆರಿಗೆ ಹಿಡಿಯಬೇಕು. 2021ರ ಜೂನ್‌ನಿಂದ ಗೂಗಲ್ ಯೂಟ್ಯೂಬ್ ಕ್ರಿಯೇಟರ್‌ಗಳ ದುಡ್ಡಿನಲ್ಲಿ ಹೀಗೆ ಹಿಡಿಯುತ್ತಿದೆ. ಜಾಹೀರಾತು ಮಾತ್ರವಲ್ಲ, ಯೂಟ್ಯೂಬ್ ಪ್ರೀಮಿಯಂ, ಸೂಪರ್ ಚಾಟ್, ಮೆಂಬರ್‌ಶಿಪ್, ಇವುಗಳಲ್ಲಿ ಅಮೆರಿಕದಿಂದ ಬಂದ ಪಾಲೂ ಇದರಲ್ಲಿ ಸೇರುತ್ತದೆ. ಎಷ್ಟು ಹಿಡಿಯಬೇಕು ಅಂತ ತೀರ್ಮಾನಿಸಲು ನೀವು ಯಾರು, ಯಾವ ದೇಶದವರು ಅಂತ ಗೊತ್ತಾಗಬೇಕಲ್ವಾ? ಅದಕ್ಕೇ ಡಬ್ಲ್ಯೂ-8ಬೆನ್ ಎಂಬ ಈ ಫಾರ್ಮ್.

ಒಂದು ಲೆಕ್ಕ ನೋಡಿ. ಒಂದು ತಿಂಗಳಲ್ಲಿ ನಿಮಗೆ 1,000 ಡಾಲರ್ ಬಂತು, ಅದರಲ್ಲಿ ಅಮೆರಿಕದ ವೀಕ್ಷಕರಿಂದ ಬಂದದ್ದು 100 ಡಾಲರ್ ಅಂತಿಟ್ಟುಕೊಳ್ಳಿ. ಫಾರ್ಮ್ ತುಂಬದೇ ಬಿಟ್ಟರೆ ಇಡೀ 1,000ದ ಮೇಲೆ ಶೇ 24ರವರೆಗೆ, ಅಂದರೆ 240 ಡಾಲರ್ ಹೋಗಬಹುದು. ಫಾರ್ಮ್ ತುಂಬಿ ಒಪ್ಪಂದದ ರಿಯಾಯಿತಿ ಕೇಳದಿದ್ದರೆ ಆ 100 ಡಾಲರ್ ಮೇಲೆ ಮಾತ್ರ ಶೇ 30, ಅಂದರೆ 30 ಡಾಲರ್. ಪ್ಯಾನ್ ಕೊಟ್ಟು ರಿಯಾಯಿತಿ ಕೇಳಿದರೆ ಶೇ 15, ಅಂದರೆ 15 ಡಾಲರ್. ಕನ್ನಡ ಚಾನೆಲ್, ಅಮೆರಿಕದಲ್ಲಿ ಯಾರು ನೋಡುತ್ತಾರೆ ಅಂತ ಸುಮ್ಮನಾಗಬೇಡಿ. ಅಲ್ಲಿ ನೆಲೆಸಿರುವ ಕನ್ನಡಿಗರು ಊರಿನ ವಿಡಿಯೊ ನೋಡುತ್ತಾರೆ, ಮತ್ತು ಅಲ್ಲಿನ ಜಾಹೀರಾತಿನ ದರ ನಮ್ಮಲ್ಲಿಗಿಂತ ಜಾಸ್ತಿ. ವೀಕ್ಷಣೆ ಕಡಿಮೆ ಇದ್ದರೂ ದುಡ್ಡಿನ ಪಾಲು ಅಷ್ಟು ಕಡಿಮೆ ಇರುವುದಿಲ್ಲ. ಫಾರ್ಮ್ ತುಂಬದಿದ್ದರಂತೂ ಅಮೆರಿಕದಿಂದ ಒಂದು ಡಾಲರ್ ಬರದಿದ್ದರೂ ಕತ್ತರಿ ಬೀಳಬಹುದು.

ಆ ಶೇ 15 ಎಲ್ಲಿಂದ ಬಂತು ಅಂದರೆ, ಭಾರತ ಮತ್ತು ಅಮೆರಿಕ 1989ರಲ್ಲಿ ಸಹಿ ಹಾಕಿದ ತೆರಿಗೆ ಒಪ್ಪಂದದಿಂದ. ಒಂದೇ ಆದಾಯಕ್ಕೆ ಎರಡೂ ಕಡೆ ಪೂರ್ತಿ ತೆರಿಗೆ ಬೀಳಬಾರದು ಅಂತ ಮಾಡಿಕೊಂಡದ್ದು. ಅದರ 12ನೇ ವಿಧಿ ರಾಯಲ್ಟಿಯ ಬಗ್ಗೆ. ಈ ರಿಯಾಯಿತಿ ಕೇಳಬೇಕಾದರೆ ಒಂದು ತೆರಿಗೆ ನಂಬರ್ ಕೊಡಲೇಬೇಕು. ಅಮೆರಿಕದ್ದಾದರೂ ಸರಿ, ನಿಮ್ಮ ದೇಶದ್ದಾದರೂ ಸರಿ. ಎರಡೂ ಬೇಕು ಅಂತ ಎಲ್ಲೂ ಇಲ್ಲ. ಫಾರ್ಮ್‌ನ 5ನೇ ಸಾಲು ಅಮೆರಿಕದ ನಂಬರ್‌ಗೆ, ಅದನ್ನು ಖಾಲಿ ಬಿಡಿ. 6ಎ ಸಾಲು ಫಾರಿನ್ ಟಿನ್‌ಗೆ, ಅಲ್ಲಿ ಪ್ಯಾನ್ ಬರೆಯಿರಿ. ಆಡ್‌ಸೆನ್ಸ್‌ನಲ್ಲಿ ಸಾಲಿನ ನಂಬರ್ ಕಾಣದಿರಬಹುದು, ಆದರೆ ಕೇಳುವುದು ಇದನ್ನೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಪೇಟ್ರಿಯಾನ್, ಅಮೆಜಾನ್ ಕೆಡಿಪಿ, ಎಲ್ಲಿ ದುಡ್ಡು ಮಾಡಹೊರಟರೂ ಇದೇ ಫಾರ್ಮ್ ಎದುರಾಗುತ್ತದೆ. ಉತ್ತರವೂ ಇದೇ.

ಇನ್ನು ಆ ಐಟಿನ್ ವಿಷಯ. ಅದು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಕೊಡುವ, 9ರಿಂದ ಶುರುವಾಗುವ ಒಂಬತ್ತು ಅಂಕಿಯ ನಂಬರ್. ಅಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ, ಆದರೆ ಅಲ್ಲಿ ತೆರಿಗೆ ವ್ಯವಹಾರ ಇರುವವರಿಗೆ. ಡಬ್ಲ್ಯೂ-7 ಎಂಬ ಅರ್ಜಿ ಹಾಕಬೇಕು. ಜತೆಗೆ ಪಾಸ್‌ಪೋರ್ಟ್‌ನ ಮೂಲ ಪ್ರತಿ ಇಲ್ಲವೇ ಅದನ್ನು ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿ ಬೇಕು. ಬರುವುದಕ್ಕೆ ವಾರಗಟ್ಟಲೆ ಕಾಯಬೇಕು. ಇದಕ್ಕೆ ಐಆರ್‌ಎಸ್ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ಮೂರು ವರ್ಷ ಸತತವಾಗಿ ಯಾವ ಅಮೆರಿಕನ್ ರಿಟರ್ನ್‌ನಲ್ಲೂ ಬಳಸದಿದ್ದರೆ ಅದು ರದ್ದಾಗಿಯೂ ಹೋಗುತ್ತದೆ. ಅಂದರೆ 9,000 ಕೊಟ್ಟು ಮಾಡಿಸಿದ ನಂಬರ್ ನಿಮಗೆ ಯಾವ ಉಪಯೋಗಕ್ಕೂ ಬಾರದೆ ಸಾಯುತ್ತದೆ.

ಐಟಿನ್ ನಿಜವಾಗಿಯೂ ಬೇಕಾಗುವ ಒಂದು ಸಂದರ್ಭ ಇದೆ, ಅದನ್ನೂ ಹೇಳಿಬಿಡುತ್ತೇನೆ. ಫಾರ್ಮ್ ತುಂಬದೆ ಶೇ 24 ಅಥವಾ 30 ಹೋಯಿತು ಅನ್ನಿ. ಅದೇ ವರ್ಷದ ಡಿಸೆಂಬರ್ ಮುಗಿಯುವುದರೊಳಗೆ ಸರಿಯಾದ ಫಾರ್ಮ್ ಕೊಟ್ಟರೆ ಜಾಸ್ತಿ ಹಿಡಿದದ್ದನ್ನು ಗೂಗಲ್ಲೇ ವಾಪಸ್ ಕೊಡುವ ದಾರಿ ಇದೆ. ವರ್ಷ ದಾಟಿದರೆ ಆ ದಾರಿ ಮುಚ್ಚುತ್ತದೆ. ಆಮೇಲೆ ಐಆರ್‌ಎಸ್‌ಗೆ 1040-ಎನ್‌ಆರ್ ಎಂಬ ರಿಟರ್ನ್ ಹಾಕಿ ಕೇಳಬೇಕು. ಆ ರಿಟರ್ನ್‌ಗೆ ಐಟಿನ್ ಬೇಕು. ಸಣ್ಣ ಮೊತ್ತಕ್ಕೆ ಈ ಓಡಾಟ ಲಾಭವಲ್ಲ. ಹಾಗಾಗಿ ತಿಂಗಳುಗಟ್ಟಲೆ ಮುಂದೂಡದೆ ಈ ವಾರವೇ ಫಾರ್ಮ್ ತುಂಬಿ.

ಈಗ ಪ್ಯಾನ್ ಬರೆಯುವ ಬಗೆ. ಹತ್ತು ಅಕ್ಷರದಲ್ಲಿ ಮೊದಲ ಐದು ಇಂಗ್ಲಿಷ್ ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ಮಧ್ಯೆ ಸ್ಪೇಸ್ ಬೇಡ, ಅಡ್ಡಗೆರೆ ಬೇಡ. ಇಂಗ್ಲಿಷ್‌ನ ‘ಓ’ ಅಕ್ಷರಕ್ಕೂ ಸೊನ್ನೆಗೂ ಗೊಂದಲವಾದರೆ ಜಾಗ ನೋಡಿ: ಮೊದಲ ಐದು ಸ್ಥಾನದಲ್ಲಿ ಸೊನ್ನೆ ಬರುವುದೇ ಇಲ್ಲ, ಆರರಿಂದ ಒಂಬತ್ತರವರೆಗೆ ‘ಓ’ ಬರುವುದೇ ಇಲ್ಲ. ನಾಲ್ಕನೇ ಅಕ್ಷರವನ್ನು ಒಮ್ಮೆ ಗಮನಿಸಿ. ಅದು ‘ಪಿ’ ಆಗಿದ್ದರೆ ಆ ಪ್ಯಾನ್ ಒಬ್ಬ ವ್ಯಕ್ತಿಯದ್ದು. ‘ಸಿ’ ಆಗಿದ್ದರೆ ಕಂಪನಿಯದ್ದು, ‘ಎಫ್’ ಆಗಿದ್ದರೆ ಪಾಲುದಾರಿಕೆ ಸಂಸ್ಥೆಯದ್ದು, ‘ಎಚ್’ ಅಂದರೆ ಅವಿಭಕ್ತ ಕುಟುಂಬದ್ದು. ಡಬ್ಲ್ಯೂ-8ಬೆನ್ ವ್ಯಕ್ತಿಗಳಿಗೆ ಮಾತ್ರ. ಕಂಪನಿ ಮಾಡಿಕೊಂಡು ಚಾನೆಲ್ ನಡೆಸುವವರಿಗೆ ಡಬ್ಲ್ಯೂ-8ಬೆನ್-ಇ ಎಂಬ ಬೇರೆ ಫಾರ್ಮ್ ಇದೆ, ಅದಕ್ಕೆ ಕಂಪನಿಯ ಪ್ಯಾನ್. ನಿಮ್ಮದೇ ಹೆಸರಿನಲ್ಲಿ ಸಣ್ಣ ವ್ಯವಹಾರ, ಬ್ಯಾಂಕಿನಲ್ಲಿ ಅಂಗಡಿ ಹೆಸರಿನ ಕರೆಂಟ್ ಅಕೌಂಟ್ ಇದ್ದರೂ ನೀವು ವ್ಯಕ್ತಿಯೇ. ‘ಇಂಡಿವಿಜುವಲ್’ ಅಂತಲೇ ಆರಿಸಿ.

ಪ್ಯಾನ್ ಇನ್ನೂ ಇಲ್ಲದ ಓದುಗರಿಗೆ ಒಂದು ಮಾತು. ಆಧಾರ್‌ಗೆ ಮೊಬೈಲ್ ಜೋಡಣೆಯಾಗಿದ್ದರೆ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಇ-ಪ್ಯಾನ್ ಉಚಿತವಾಗಿ, ಬೇಗ ಸಿಗುತ್ತದೆ. 18 ತುಂಬದವರಿಗೆ ಈ ದಾರಿ ಇಲ್ಲ, ಅವರು ಪ್ಯಾನ್ ಅರ್ಜಿ ತೆಗೆದುಕೊಳ್ಳುವ ಸಂಸ್ಥೆಗಳಾದ ಪ್ರೋಟಿಯನ್ ಅಥವಾ ಯುಟಿಐಐಟಿಎಸ್‌ಎಲ್ ಮೂಲಕ ಪೋಷಕರ ಸಹಿಯೊಂದಿಗೆ ಅರ್ಜಿ ಹಾಕಬೇಕು. ಹಳೆಯ ಪ್ಯಾನ್ ಎಲ್ಲೋ ಕಳೆದಿದೆ ಅಂತ ಹೊಸದಕ್ಕೆ ಅರ್ಜಿ ಹಾಕಬೇಡಿ. ಎರಡು ಪ್ಯಾನ್ ಇದ್ದರೆ 10,000 ರೂಪಾಯಿ ದಂಡ. ಕಳೆದದ್ದರ ಮರುಮುದ್ರಣ ಕೇಳಿ, ನಂಬರ್ ಅದೇ ಇರುತ್ತದೆ. ಆಧಾರ್ ಜೋಡಿಸದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಮೊದಲು ಅದನ್ನು ಸರಿಮಾಡಿಸಿಕೊಳ್ಳಿ. ಇಲ್ಲದಿದ್ದರೆ ಮುಂದೆ ಇಲ್ಲಿ ರಿಫಂಡ್ ಸಿಗದೆ ಒದ್ದಾಡುತ್ತೀರಿ.

ನಮ್ಮವರಿಗೆ ನಂಬರ್‌ಗಿಂತ ಜಾಸ್ತಿ ತೊಂದರೆ ಕೊಡುವುದು ಹೆಸರು. ನಮ್ಮ ಕಡೆ ಸರ್‌ನೇಮ್ ಇರುವುದು ಕಡಿಮೆ, ಇನಿಶಿಯಲ್ ಇರುವುದು ಹೆಚ್ಚು. ಶಾಲೆಯ ದಾಖಲೆಯಲ್ಲಿ ‘ಮಂಜುನಾಥ್ ಎಚ್. ಆರ್.’, ಆಧಾರ್‌ನಲ್ಲಿ ‘ಮಂಜುನಾಥ’, ಪ್ಯಾನ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿರುವ ಮಾರುದ್ದದ ಹೆಸರು. ಫಾರ್ಮ್‌ನಲ್ಲಿ ಪ್ಯಾನ್‌ನಲ್ಲಿ ಇರುವಂತೆಯೇ ಬರೆಯಿರಿ, ಅಕ್ಷರಕ್ಕೆ ಅಕ್ಷರ. ಕೊನೆಯಲ್ಲಿ ಸಹಿಯ ಜಾಗದಲ್ಲಿ ಟೈಪ್ ಮಾಡುವ ಹೆಸರೂ ಅದೇ ಇರಲಿ. ಆಡ್‌ಸೆನ್ಸ್‌ನ ಪೇಮೆಂಟ್ ಪ್ರೊಫೈಲ್‌ನಲ್ಲಿ ಬೇರೆ ಥರ ಇದ್ದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಫಾರ್ಮ್‌ಗೆ ಕೈ ಹಾಕಿ. ಚಾನೆಲ್ ಹೆಸರನ್ನು ಎಲ್ಲೂ ಬರೆಯುವ ಅಗತ್ಯವಿಲ್ಲ. ‘ಡಿಬಿಎ’ (ವ್ಯವಹಾರದ ಹೆಸರು) ಅಂತ ಒಂದು ಕಾಲಂ ಕಂಡರೆ ಖಾಲಿ ಬಿಡಿ. ವಿಳಾಸದಲ್ಲಿ ನೀವು ನಿಜವಾಗಿ ವಾಸವಿರುವ ಮನೆ ಬರಬೇಕು, ಪೋಸ್ಟ್ ಬಾಕ್ಸ್ ನಡೆಯುವುದಿಲ್ಲ.

ಪ್ಯಾನ್ ಬರೆದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಮುಂದಿನ ಭಾಗದಲ್ಲಿ ‘ಟ್ಯಾಕ್ಸ್ ಟ್ರೀಟಿ’ ರಿಯಾಯಿತಿ ಬೇಕಾ ಅಂತ ಕೇಳುತ್ತದೆ. ತುಂಬಾ ಜನ ಹೆದರಿ ಇಲ್ಲಿ ‘ನೋ’ ಒತ್ತುತ್ತಾರೆ. ಒತ್ತಿದರೆ ಶೇ 30. ಪ್ಯಾನ್ ಕೊಟ್ಟದ್ದೇ ಈ ಒಂದು ಪ್ರಶ್ನೆಗಾಗಿ. ‘ಯೆಸ್’ ಅನ್ನಿ, ದೇಶ ‘ಇಂಡಿಯಾ’ ಆರಿಸಿ. ಆಮೇಲೆ ಆದಾಯದ ಬಗೆಗಳು ಬರುತ್ತವೆ: ಸೇವೆಗಳು, ಸಿನಿಮಾ ಮತ್ತು ಟಿವಿ ರಾಯಲ್ಟಿ, ಇತರ ಕಾಪಿರೈಟ್ ರಾಯಲ್ಟಿ. ಯೂಟ್ಯೂಬ್‌ಗೆ ಮುಖ್ಯವಾದವು ರಾಯಲ್ಟಿಯ ಎರಡು. ಎರಡರಲ್ಲೂ 12ನೇ ವಿಧಿಯ ಶೇ 15ರ ದರ ಆರಿಸಿ. ನಿಮಗೆ ಬ್ಲಾಗ್ ಕೂಡ ಇದ್ದು ಅದರಲ್ಲಿ ಆಡ್‌ಸೆನ್ಸ್ ಜಾಹೀರಾತು ಬರುತ್ತಿದ್ದರೆ ಸೇವೆಗಳ ಸಾಲೂ ನಿಮಗೆ ಸಂಬಂಧಿಸಿದ್ದು. ಅಮೆರಿಕದಲ್ಲಿ ಕೂತು ಕೆಲಸ ಮಾಡಿದ್ದೀರಾ ಅಂತ ಒಂದು ಪ್ರಶ್ನೆ ಬರುತ್ತದೆ. ಮಾಡಿಲ್ಲದಿದ್ದರೆ ಇಲ್ಲ ಅನ್ನಿ. ಅಲ್ಲಿಗೆ ಹೋಗಿ ವಿಡಿಯೊ ಮಾಡಿದವರು ಮಾತ್ರ ಇದಕ್ಕೆ ಯೋಚಿಸಿ ಉತ್ತರಿಸಬೇಕು. ಯಾಕೆಂದರೆ ಸುಳ್ಳು ಹೇಳಿದರೆ ಶಿಕ್ಷೆಗೆ ಒಳಗಾಗುತ್ತೇನೆ ಅಂತ ಒಪ್ಪಿ ನೀವು ಸಹಿ ಹಾಕುವ ಫಾರ್ಮ್ ಇದು.

ಆಡ್‌ಸೆನ್ಸ್‌ನಲ್ಲಿ ಸಿಂಗಾಪುರದ ತೆರಿಗೆ ಮಾಹಿತಿ ಅಂತ ಇನ್ನೊಂದು ಭಾಗ ಕಾಣಬಹುದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಎರಡನ್ನೂ ಬೆರೆಸಬೇಡಿ.

ಇನ್ನು ಅಪ್ಪನ ಖಾತೆ. ಫಾರ್ಮ್ ಯಾರ ಹೆಸರಿನ ಪೇಮೆಂಟ್ ಪ್ರೊಫೈಲ್‌ನಲ್ಲಿದೆಯೋ ಅವರದೇ ಪ್ಯಾನ್ ಹಾಕಬೇಕು. ಅಪ್ಪನ ಖಾತೆಯಲ್ಲಿ ನಿಮ್ಮ ಪ್ಯಾನ್ ಹಾಕಬೇಡಿ, ಅದು ತಪ್ಪು ಮಾಹಿತಿಯಾಗುತ್ತದೆ. ಅಪ್ಪನ ಪ್ಯಾನ್ ಹಾಕಿದರೆ ಫಾರ್ಮ್ ಸರಿಹೋಗುತ್ತದೆ, ಆದರೆ ದುಡ್ಡು ಅವರ ಹೆಸರಿಗೆ ಬರುತ್ತದೆ, ದಾಖಲೆಯಲ್ಲಿ ಅದು ಅವರ ಆದಾಯದಂತೆ ಕಾಣುತ್ತದೆ. ಅಪ್ಪ ಸಂಬಳದವರಾದರೆ ಅವರ ತೆರಿಗೆಯ ಲೆಕ್ಕವೇ ಏರುಪೇರಾಗುತ್ತದೆ. ವಿಡಿಯೊ ಮಾಡುವವರು ನೀವು, 18 ದಾಟಿದ್ದೀರಿ. ನನ್ನ ಸಲಹೆ ಒಂದೇ: ನಿಮ್ಮ ಹೆಸರಿನಲ್ಲಿ ಹೊಸ ಆಡ್‌ಸೆನ್ಸ್ ಖಾತೆ ತೆರೆಯಿರಿ. ಖಾತೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಲು ಆಗುವುದಿಲ್ಲ, ಆದರೆ ಚಾನೆಲ್ ಅನ್ನು ಹೊಸ ಖಾತೆಗೆ ಜೋಡಿಸಬಹುದು. ಯೂಟ್ಯೂಬ್ ಸ್ಟುಡಿಯೊದ ‘ಅರ್ನ್’ ವಿಭಾಗದಲ್ಲಿ ಅದಕ್ಕೆ ಅವಕಾಶ ಇದೆ. ಒಮ್ಮೆ ಬದಲಿಸಿದರೆ 32 ದಿನ ಮತ್ತೆ ಬದಲಿಸಲು ಬಿಡುವುದಿಲ್ಲ, ಹಾಗಾಗಿ ಮೇಲ್ ಐಡಿ ಸರಿಯಾಗಿ ನೋಡಿ ಜೋಡಿಸಿ. ಹೊಸ ಖಾತೆಗೆ ವಿಳಾಸ ಖಚಿತಪಡಿಸುವ ಗೂಗಲ್‌ನ ಗುಪ್ತ ಸಂಖ್ಯೆ (ಪಿನ್) ಮತ್ತೆ ಅಂಚೆಯಲ್ಲಿ ಬರಬೇಕು. ಹಳೆಯ ಖಾತೆಯಲ್ಲಿ ಉಳಿದ ದುಡ್ಡು ಅಪ್ಪನಿಗೇ ಹೋಗುತ್ತದೆ. ಅಂಚೆಗೆ ಕಾಯುವುದು ಬಿಟ್ಟರೆ, ಇದೆಲ್ಲ ಈಗಲೇ ಮಾಡಿಕೊಂಡರೆ ಒಂದು ಸಂಜೆಯ ಕೆಲಸ. ಎರಡು ವರ್ಷ ದುಡ್ಡು ಬಂದ ಮೇಲೆ ಮಾಡಹೊರಟರೆ ಎರಡು ವರ್ಷದ ಲೆಕ್ಕ ಬಿಡಿಸಬೇಕಾಗುತ್ತದೆ.

ನಿಮ್ಮ ಅಣ್ಣನ ವಿಷಯ ಬೇರೆ. ಅವರ ಪಾಸ್‌ಪೋರ್ಟ್ ಭಾರತದ್ದು, ಪ್ಯಾನ್ ಕೂಡ ಇರಬಹುದು. ಆದರೆ ಫಾರ್ಮ್ ನೋಡುವುದು ತೆರಿಗೆಯ ಲೆಕ್ಕದಲ್ಲಿ ಯಾವ ದೇಶದ ನಿವಾಸಿ ಅಂತ. ವರ್ಷದ ಬಹುಪಾಲು ದುಬೈನಲ್ಲೇ ಇದ್ದು, ಭಾರತದಲ್ಲಿ ಎನ್‌ಆರ್‌ಐ ಆಗಿರುವವರು ಪ್ಯಾನ್ ತೋರಿಸಿ ಭಾರತದ ಒಪ್ಪಂದದ ಶೇ 15 ಕೇಳುವಂತಿಲ್ಲ. ಅಮೆರಿಕಕ್ಕೂ ಯುಎಇಗೂ ಅಂಥ ಆದಾಯ ತೆರಿಗೆ ಒಪ್ಪಂದ ಇಲ್ಲ. ಹಾಗಾಗಿ ಅವರ ಅಮೆರಿಕದ ಆದಾಯದ ಮೇಲೆ ಶೇ 30 ಹೋಗುತ್ತದೆ. ಕಹಿ ಅನ್ನಿಸಿದರೂ ನಿಜ ಅದೇ. ವೈಯಕ್ತಿಕ ಆದಾಯಕ್ಕೆ ತೆರಿಗೆಯೇ ಇಲ್ಲದ ಆ ದೇಶದಲ್ಲಿ ಸಾಮಾನ್ಯ ವ್ಯಕ್ತಿಗೆ ತೆರಿಗೆ ನಂಬರ್ ಇರುವುದಿಲ್ಲ. ಅಂಥವರಿಗಾಗಿಯೇ 6ಬಿ ಸಾಲು ಇದೆ. ನನ್ನ ದೇಶದ ಕಾನೂನಿನಲ್ಲಿ ಈ ನಂಬರ್ ಕಡ್ಡಾಯವಲ್ಲ ಅಂತ ಅಲ್ಲಿ ಗುರುತು ಹಾಕಬಹುದು. ಫಾರ್ಮ್ ಮಾತ್ರ ತುಂಬಲೇಬೇಕು, ಇಲ್ಲದಿದ್ದರೆ ಒಟ್ಟು ಆದಾಯದ ಮೇಲಿನ ಶೇ 24ರ ಕತ್ತರಿ ಅವರಿಗೂ ಬೀಳುತ್ತದೆ.

ಬೇರೆ ದೇಶಗಳಲ್ಲಿರುವ ಕನ್ನಡಿಗರೂ ಇದನ್ನು ಓದುತ್ತಿರಬಹುದು. ಬ್ರಿಟನ್‌ನಲ್ಲಿರುವವರು ಅಲ್ಲಿನ ಯುಟಿಆರ್ ಅಥವಾ ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಜರ್ಮನಿಯವರು ಹನ್ನೊಂದು ಅಂಕಿಯ ಟ್ಯಾಕ್ಸ್ ಐಡಿ, ಕೆನಡಾದವರು ಸಿನ್, ಆಸ್ಟ್ರೇಲಿಯಾದವರು ಟಿಎಫ್‌ಎನ್ ಬರೆಯಬೇಕು. ಬ್ರಿಟನ್, ಜರ್ಮನಿಯ ಒಪ್ಪಂದದಲ್ಲಿ ರಾಯಲ್ಟಿಗೆ ಸೊನ್ನೆ, ಆಸ್ಟ್ರೇಲಿಯಾದ್ದರಲ್ಲಿ ಶೇ 5. ಅಲ್ಲಿದ್ದುಕೊಂಡು ಅಭ್ಯಾಸಬಲದಿಂದ ಪ್ಯಾನ್ ಹಾಕಿ ಶೇ 15 ಕಳೆದುಕೊಳ್ಳುವುದು ಎರಡು ಬಗೆಯಲ್ಲಿ ತಪ್ಪು. ಅಮೆರಿಕದಲ್ಲೇ ತೆರಿಗೆ ನಿವಾಸಿಯಾಗಿರುವವರಿಗೆ ಈ ಫಾರ್ಮ್ ಅಲ್ಲ, ಡಬ್ಲ್ಯೂ-9.

ದೇಶ ಬದಲಾದರೆ 30 ದಿನದೊಳಗೆ ಹೊಸ ಫಾರ್ಮ್ ಕೊಡಬೇಕು. ಏನೂ ಬದಲಾಗದಿದ್ದರೂ ಸಹಿ ಹಾಕಿದ ವರ್ಷ ಬಿಟ್ಟು ಮುಂದಿನ ಮೂರನೇ ವರ್ಷದ ಡಿಸೆಂಬರ್ 31ಕ್ಕೆ ಸಾಮಾನ್ಯವಾಗಿ ಅವಧಿ ಮುಗಿಯುತ್ತದೆ. 2025ರಲ್ಲಿ ಸಹಿ ಹಾಕಿದ್ದರೆ 2028ರ ಕೊನೆಯವರೆಗೆ. ಫೋನಿನಲ್ಲಿ ನೆನಪೋಲೆ ಹಾಕಿಟ್ಟುಕೊಳ್ಳಿ.

ಕೊನೆಗೆ ಭಾರತದ ಲೆಕ್ಕ. ಇದನ್ನು ನೀವು ಕೇಳಿಲ್ಲ, ಆದರೆ ಹೇಳದೆ ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ನಿಮ್ಮ ಕೈಗೆ ಬರುವುದು 985 ಡಾಲರ್. ಇಲ್ಲಿ ರಿಟರ್ನ್‌ನಲ್ಲಿ ತೋರಿಸಬೇಕಾದದ್ದು 1,000. ಅಲ್ಲಿ ಕಟ್ಟಿದ 15 ಡಾಲರನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಲು ಫಾರಿನ್ ಟ್ಯಾಕ್ಸ್ ಕ್ರೆಡಿಟ್ ಕೇಳಬೇಕು. ಇಷ್ಟು ವರ್ಷ ಅದಕ್ಕೆ ಫಾರ್ಮ್ 67 ಇತ್ತು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಆಮೇಲಿನ ಆದಾಯಕ್ಕೆ ಪೋರ್ಟಲ್‌ನಲ್ಲಿ ಆ ವರ್ಷದ ಫಾರ್ಮ್ ಯಾವುದೆಂದು ನೋಡಿ ಹಾಕಿ. ಐಟಿಆರ್-1ರಲ್ಲಿ ಇದಕ್ಕೆ ಜಾಗ ಇಲ್ಲ, ಸುಲಭ ಅಂತ ಅದನ್ನು ಆರಿಸಬೇಡಿ. ಒಂದು ಮಿತಿಯೂ ಇದೆ: ಈ ಆದಾಯಕ್ಕೆ ಇಲ್ಲಿ ಎಷ್ಟು ತೆರಿಗೆ ಬೀಳುತ್ತದೋ ಅಷ್ಟರವರೆಗೆ ಮಾತ್ರ ಕ್ರೆಡಿಟ್. ಹೊಸ ಪದ್ಧತಿಯಲ್ಲಿ 12 ಲಕ್ಷದೊಳಗೆ ಆದಾಯ ಇದ್ದು ನಿಮಗೆ ತೆರಿಗೆಯೇ ಇಲ್ಲ ಅಂದರೆ ಆ 15 ಡಾಲರ್ ವಾಪಸ್ ಬರುವುದಿಲ್ಲ. ಆದರೂ ರಿಟರ್ನ್ ಹಾಕಿ, ಆದಾಯ ಪೂರ್ತಿ ತೋರಿಸಿ. ನಾಳೆ ಬ್ಯಾಂಕ್ ಸಾಲಕ್ಕೋ ವೀಸಾಕ್ಕೋ ಹೋದಾಗ ಈ ದುಡ್ಡು ನಿಮ್ಮದು ಅನ್ನುವುದಕ್ಕೆ ಅದೇ ಸಾಕ್ಷಿ.

ಅಮೆರಿಕದಲ್ಲಿ ಎಷ್ಟು ಹಿಡಿದರು ಅನ್ನುವುದಕ್ಕೆ 1042-ಎಸ್ ಎಂಬ ಪ್ರಮಾಣಪತ್ರ ಪ್ರತಿ ವರ್ಷ ಮಾರ್ಚ್ 15ರ ಹೊತ್ತಿಗೆ ಬರುತ್ತದೆ. ಅದರ ಲೆಕ್ಕ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಎರಡನ್ನೂ ಹೊಂದಿಸಲು ಆಡ್‌ಸೆನ್ಸ್‌ನ ತಿಂಗಳವಾರು ಸ್ಟೇಟ್‌ಮೆಂಟ್ ಬೇಕಾಗುತ್ತದೆ, ಪ್ರತಿ ತಿಂಗಳು ಇಳಿಸಿಟ್ಟುಕೊಳ್ಳಿ. 1042-ಎಸ್ ಕೈಗೆ ಬಂದ ದಿನ ಮೂರು ವಿಷಯ ನೋಡಿ: ನಿಮ್ಮ ಹೆಸರು, ನಿಮ್ಮ ಪ್ಯಾನ್, ಮತ್ತು ತೆರಿಗೆ ದರದ ಜಾಗದಲ್ಲಿ 15. ಅಲ್ಲಿ 30 ಅಂತ ಇದ್ದರೆ ನಿಮ್ಮ ಫಾರ್ಮ್‌ನಲ್ಲಿ ಒಪ್ಪಂದದ ಪುಟ ಬಿಟ್ಟುಹೋಗಿದೆ ಅಂತ ಅರ್ಥ. ಪ್ರಮಾಣಪತ್ರ ಹಿಂದಿನ ವರ್ಷದ್ದಾದ್ದರಿಂದ ಆ ದುಡ್ಡಿಗೆ 1040-ಎನ್‌ಆರ್ ದಾರಿಯೇ ಉಳಿಯುತ್ತದೆ. ಆದರೂ ಅದೇ ದಿನ ಹೊಸ ಫಾರ್ಮ್ ಕೊಟ್ಟುಬಿಡಿ, ಈ ವರ್ಷ ಜಾಸ್ತಿ ಹಿಡಿದದ್ದನ್ನು ಗೂಗಲ್‌ನಿಂದಲೇ ವಾಪಸ್ ಪಡೆಯಲು ಡಿಸೆಂಬರ್‌ವರೆಗೆ ಇನ್ನೂ ಒಂಬತ್ತು ತಿಂಗಳು ಸಮಯ ಇರುತ್ತದೆ.